ಎರಡು ಕಾರುಗಳ ನಡುವಿನ ಖಾಲಿ ಜಾಗ

ಹೆದ್ದಾರಿಯಲ್ಲಿ ವಾಹನಗಳು ಸರಾಗವಾಗಿ ಓಡುತ್ತಿರುತ್ತವೆ. ಇದ್ದಕ್ಕಿದ್ದಂತೆ ಮುಂದಿನ ಕಾರಿನ ಬ್ರೇಕ್ ದೀಪ ಹೊತ್ತಿಕೊಳ್ಳುತ್ತದೆ, ಅದರ ಹಿಂದಿನದೂ ನಿಧಾನವಾಗುತ್ತದೆ, ಸ್ವಲ್ಪ ಹೊತ್ತಿಗೆ ಇಡೀ ಸಾಲೇ ನಿಂತುಬಿಡುತ್ತದೆ. ಹತ್ತು ನಿಮಿಷ ತೆವಳಿದ ಮೇಲೆ ದಾರಿ ತಾನಾಗಿ ತೆರವಾಗುತ್ತದೆ. ಮುಂದೆ ಹೋಗಿ ನೋಡಿದರೆ ಅಪಘಾತವಾದ ಗುರುತಿಲ್ಲ, ರಸ್ತೆ ಅಗೆದಿಲ್ಲ, ಕೆಟ್ಟು ನಿಂತ ಲಾರಿಯೂ ಇಲ್ಲ. ಹಾಗಾದರೆ ಜಾಮ್ ಆದದ್ದು ಯಾತಕ್ಕೆ? ಎಲ್ಲರಿಗೂ ಅರ್ಧಂಬರ್ಧ ಗೊತ್ತಿರುವ ಇನ್ನೊಂದು ಸಂಗತಿಯೂ ಇದೆ. ರಸ್ತೆ ಅಗಲ ಮಾಡಿದರೆ ಕೆಲವು ತಿಂಗಳು ಹಾಯೆನಿಸುತ್ತದೆ, ಕೆಲವು ವರ್ಷಗಳಲ್ಲಿ ದಟ್ಟಣೆ ಮೊದಲಿನಷ್ಟೇ ಆಗಿರುತ್ತದೆ.

ತಾನೇ ಓಡುವ ಕಾರುಗಳು ಬಂದರೆ ಈಗಿರುವ ರಸ್ತೆಯಲ್ಲೇ ಎರಡು ಪಟ್ಟು ವಾಹನ ಓಡಬಹುದು, ಹೊಸ ರಸ್ತೆ ಕಟ್ಟುವ ಖರ್ಚು ಉಳಿಯುತ್ತದೆ ಎಂಬ ಮಾತು ಕೆಲವು ದಶಕಗಳಿಂದ ಕೇಳಿಬರುತ್ತಿದೆ. ಅದು ಎಷ್ಟು ನಿಜ ಎಂದು ತಿಳಿಯಲು ಮೇಲಿನ ಎರಡೂ ಒಗಟುಗಳನ್ನು ಬಿಡಿಸಬೇಕು. ಮೊದಲನೆಯದು ಕಾರುಗಳ ನಡುವಿನ ಅಂತರದ ವಿಚಾರ. ಎರಡನೆಯದು ಮನುಷ್ಯ ಹೊರಗೆ ಹೊರಡುವ ಮುನ್ನ ಮನಸ್ಸಿನಲ್ಲೇ ಹಾಕುವ ಲೆಕ್ಕದ ವಿಚಾರ.

ತುಂಬಿದ ರಸ್ತೆಯಲ್ಲಿ ಏನು ತುಂಬಿದೆ?

ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಮುಂದಿನ ವಾಹನದಿಂದ ಎರಡು ಸೆಕೆಂಡಿನ ಅಂತರ ಇಟ್ಟುಕೊಳ್ಳಬೇಕು ಎಂಬ ನಿಯಮವನ್ನು ಪಾಲಿಸಿದರೆ ನಡುವೆ 55 ಮೀಟರಿನಷ್ಟು ಜಾಗ ಬಿಡಬೇಕು. ಕಾರಿನ ಉದ್ದ ಹೆಚ್ಚೆಂದರೆ ಐದು ಮೀಟರ್. ಅಂದರೆ ‘ತುಂಬಿ ಹೋಗಿದೆ’ ಎನ್ನುವ ಹೆದ್ದಾರಿಯ ಒಂದು ಪಥದಲ್ಲಿ ಕಾರುಗಳು ಆವರಿಸಿರುವುದು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಮಿಕ್ಕದ್ದು ಖಾಲಿ ಡಾಂಬರು.

ರಸ್ತೆಯ ಸಾಮರ್ಥ್ಯ ಎಂದರೆ ಒಂದು ಗೆರೆಯನ್ನು ಗಂಟೆಗೆ ಎಷ್ಟು ವಾಹನ ದಾಟಬಲ್ಲವು ಎಂಬ ಲೆಕ್ಕ. ಎರಡು ಸೆಕೆಂಡಿಗೆ ಒಂದರಂತೆ ದಾಟಿದರೆ ಗಂಟೆಗೆ 1,800 ಕಾರು. ವಾಸ್ತವದಲ್ಲಿ ಚಾಲಕರು ಇನ್ನೂ ಹತ್ತಿರ ಹೋಗುತ್ತಾರೆ. ಅಮೆರಿಕದ ಎಂಜಿನಿಯರುಗಳು ಬಳಸುವ ಹೆದ್ದಾರಿ ಸಾಮರ್ಥ್ಯ ಕೈಪಿಡಿಯ ಪ್ರಕಾರ, ಎಲ್ಲವೂ ಅನುಕೂಲವಾಗಿರುವ ಪಥವೊಂದರಲ್ಲಿ ಗಂಟೆಗೆ ಸುಮಾರು 2,400 ಕಾರು ಹೋಗಬಹುದು. ಅಂದರೆ ಒಂದೂವರೆ ಸೆಕೆಂಡಿಗೆ ಒಂದು. ವೇಗ ಹೆಚ್ಚಿಸಿದ ಮಾತ್ರಕ್ಕೆ ಈ ಸಂಖ್ಯೆ ಹೆಚ್ಚುವುದಿಲ್ಲ. ವೇಗ ಹೆಚ್ಚಿದಷ್ಟೂ ನಡುವಿನ ಜಾಗವನ್ನೂ ಹಿಗ್ಗಿಸಬೇಕಾಗುತ್ತದೆ, ಸೆಕೆಂಡುಗಳ ಲೆಕ್ಕ ಇದ್ದಲ್ಲೇ ಇರುತ್ತದೆ. ಸಾಮರ್ಥ್ಯವನ್ನು ನಿರ್ಧರಿಸುವುದು ಎರಡು ವಾಹನಗಳ ನಡುವಿನ ಹೊತ್ತು. ಇದನ್ನು ‘ಕಾಲದಂತರ’ ಎಂದು ಕರೆಯಬಹುದು. ಈ ಅಂತರ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣ ಮನುಷ್ಯನ ದೇಹ. ಮುಂದಿನವನು ಬ್ರೇಕ್ ಹಾಕಿದ್ದನ್ನು ಕಣ್ಣು ಕಂಡು, ಮಿದುಳು ಗ್ರಹಿಸಿ, ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಒಂದು ಸೆಕೆಂಡು ಕಳೆದುಹೋಗಿರುತ್ತದೆ.

22 ಕಾರುಗಳ ವೃತ್ತ

ಕಾರಣವಿಲ್ಲದ ಜಾಮ್ ಹುಟ್ಟುವುದೂ ಈ ತಡದಿಂದಲೇ. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಯೂಕಿ ಸುಗಿಯಾಮಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಕಣ್ಣಾರೆ ತೋರಿಸಿತು. 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಸಮಾನ ದೂರದಲ್ಲಿ ನಿಲ್ಲಿಸಿ, ಎಲ್ಲರೂ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುವಂತೆ ಚಾಲಕರಿಗೆ ಹೇಳಲಾಯಿತು. ಅಲ್ಲಿ ಸಿಗ್ನಲ್ ಇಲ್ಲ, ತಿರುವಿನ ಗೊಂದಲವಿಲ್ಲ, ಪಥ ಬದಲಿಸುವವರಿಲ್ಲ. ಮೊದಲು ಎಲ್ಲವೂ ಚೆನ್ನಾಗಿಯೇ ಸಾಗಿತು. ಸ್ವಲ್ಪ ಹೊತ್ತಿನಲ್ಲಿ ಒಬ್ಬರು ಕೊಂಚ ನಿಧಾನಿಸಿದರು. ಹಿಂದಿನವರು ತಡವಾಗಿ ಗಮನಿಸಿದ್ದರಿಂದ ಇನ್ನೂ ಸ್ವಲ್ಪ ಹೆಚ್ಚು ಬ್ರೇಕ್ ಹಾಕಬೇಕಾಯಿತು, ಅವರ ಹಿಂದಿನವರು ಅದಕ್ಕೂ ಹೆಚ್ಚು. ಹೀಗೆ ಬೆಳೆಯುತ್ತಾ ಹೋದ ಅಲೆಯಲ್ಲಿ ಕೆಲವು ಕಾರುಗಳು ಪೂರ್ತಿ ನಿಂತೇಹೋದವು. ಕಾರುಗಳು ಮುಂದಕ್ಕೆ ಹೋಗುತ್ತಿದ್ದರೆ ಜಾಮ್ ಮಾತ್ರ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಸರಿಯುತ್ತಿತ್ತು. ಹೆದ್ದಾರಿಯಲ್ಲಿ ಸಿಕ್ಕಿಕೊಂಡವರು ಮುಂದೆ ಹೋಗಿ ಏನೂ ಕಾಣದೆ ಅಚ್ಚರಿಪಡುವುದು ಇದಕ್ಕೇ. ಅಲೆ ಆ ಹೊತ್ತಿಗೆ ಅವರ ಬೆನ್ನ ಹಿಂದೆ ಸರಿದಿರುತ್ತದೆ.

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನಿನಲ್ಲಿ 2016ರಲ್ಲಿ ಇದೇ ಬಗೆಯ ವೃತ್ತದಲ್ಲಿ ಇಪ್ಪತ್ತರ ಆಸುಪಾಸಿನಷ್ಟು ಕಾರುಗಳನ್ನು ಓಡಿಸಿ, ಅವುಗಳಲ್ಲಿ ಒಂದಕ್ಕೆ ಮಾತ್ರ ತಾನೇ ವೇಗ ನಿಯಂತ್ರಿಸುವ ತಂತ್ರಾಂಶ ಹಾಕಲಾಯಿತು. ಮುಂದಿನ ಕಾರು ಓಡಿದಾಗ ಹಿಂದೆಯೇ ನುಗ್ಗದೆ, ಸರಾಸರಿ ವೇಗ ಕಾಯ್ದುಕೊಂಡು ಸಾಗುವುದಷ್ಟೇ ಅದರ ಕೆಲಸ. ಆ ಒಂದೇ ಕಾರು ಇಡೀ ವೃತ್ತದ ಅಲೆಯನ್ನು ತಗ್ಗಿಸಿತು, ಒಟ್ಟು ಇಂಧನ ಬಳಕೆ 40% ವರೆಗೆ ಇಳಿಯಿತು. ಚಾಲಕರಹಿತ ತಂತ್ರಜ್ಞಾನದ ಪರವಾಗಿ ಇರುವ ಅತ್ಯಂತ ಗಟ್ಟಿಯಾದ ವಾದ ಇದೇ ಇರಬೇಕು. ಎಲ್ಲ ಕಾರುಗಳೂ ಬದಲಾಗುವ ತನಕ ಕಾಯಬೇಕಿಲ್ಲ, ಇಪ್ಪತ್ತರಲ್ಲಿ ಒಂದು ಸಂಯಮದಿಂದ ಓಡಿದರೂ ಮಿಕ್ಕವರಿಗೆ ಲಾಭವಾಗುತ್ತದೆ.

ಸ್ಯಾನ್ ಡಿಯಾಗೊದಲ್ಲಿ ಎಂಟು ಬ್ಯೂಕ್‌ಗಳು

ಅಲೆ ತಗ್ಗಿಸುವುದು ಒಂದು ಕೆಲಸ, ಕಾಲದಂತರವನ್ನೇ ಕುಗ್ಗಿಸುವುದು ಬೇರೆಯದೇ ಕೆಲಸ. ಅದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ್ದು 1997ರ ಆಗಸ್ಟ್‌ನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಬಳಿ, 15ನೇ ಅಂತರರಾಜ್ಯ ಹೆದ್ದಾರಿಯ ಸುಮಾರು 12 ಕಿ.ಮೀ. ಉದ್ದದ ಪ್ರತ್ಯೇಕ ಪಥಗಳಲ್ಲಿ. ಸ್ವಯಂಚಾಲಿತ ಹೆದ್ದಾರಿಯ ಮಾದರಿಯೊಂದನ್ನು 1997ರೊಳಗೆ ಸಿದ್ಧಪಡಿಸಬೇಕೆಂದು ಅಮೆರಿಕದ ಸಂಸತ್ತು 1991ರ ಕಾಯ್ದೆಯಲ್ಲಿ ಹೇಳಿತ್ತು. ಎಂಟು ಬ್ಯೂಕ್ ಲೆಸೇಬರ್ ಕಾರುಗಳು ಒಂದರ ಹಿಂದೊಂದು ಆರೂವರೆ ಮೀಟರ್ ಅಂತರದಲ್ಲಿ ಹೆದ್ದಾರಿ ವೇಗದಲ್ಲಿ ಓಡಿದವು. ಚಾಲಕರ ಕೈ ಸ್ಟೀರಿಂಗ್ ಮೇಲಿರಲಿಲ್ಲ. ರಸ್ತೆಯ ನಡುವೆ 1.2 ಮೀಟರಿಗೊಂದರಂತೆ ಹೂತಿದ್ದ ಅಯಸ್ಕಾಂತಗಳು ದಾರಿ ತೋರಿಸುತ್ತಿದ್ದವು, ಮುಂದಿನ ಕಾರು ವೇಗ ಬದಲಿಸಿದ ಕ್ಷಣವೇ ರೇಡಿಯೊ ಮೂಲಕ ಹಿಂದಿನವಕ್ಕೆ ಸುದ್ದಿ ಮುಟ್ಟುತ್ತಿತ್ತು. ಹೀಗೆ ಗುಂಪು ಕಟ್ಟಿ ಓಡಿದರೆ ಪಥದ ಸಾಮರ್ಥ್ಯ ಎರಡು–ಮೂರು ಪಟ್ಟಾಗಬಹುದು ಎಂಬುದು ಯೋಜನೆ ರೂಪಿಸಿದವರ ಲೆಕ್ಕ. ಪ್ರದರ್ಶನ ಯಶಸ್ವಿಯಾಯಿತು. ಆದರೆ ಸರ್ಕಾರ ಅದರ ಬೆನ್ನಲ್ಲೇ ಹಣ ನಿಲ್ಲಿಸಿತು. ರಸ್ತೆಗೆ ಅಯಸ್ಕಾಂತ ಹೂಳುವುದು, ಪ್ರತ್ಯೇಕ ಪಥ ಕೊಡುವುದು, ಅಪಘಾತವಾದರೆ ಹೊಣೆ ಹೊರುವುದು ಯಾರೆಂಬ ಪ್ರಶ್ನೆಗಳು ಹಾಗೇ ಉಳಿದವು.

ಅಂತರ ನಿರ್ಧರಿಸುವವರು

ಇಂದಿನ ಕಾರುಗಳಲ್ಲಿರುವ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್, ಮುಂದಿನ ವಾಹನವನ್ನು ರೇಡಾರಿನಿಂದ ನೋಡಿ ತಾನೇ ಬ್ರೇಕ್ ಹಾಕುತ್ತದೆ. ಇದು ಸಾಮರ್ಥ್ಯ ಹೆಚ್ಚಿಸುತ್ತದೆ ಎಂದು ಭಾವಿಸುವುದು ಸಹಜ. ಆದರೆ ಕ್ಯಾಲಿಫೋರ್ನಿಯಾದ ಸಂಶೋಧಕ ಸ್ಟೀವನ್ ಶ್ಲಾಡೋವರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ರೇಡಾರನ್ನು ಮಾತ್ರ ನಂಬಿದ ಕಾರುಗಳು ಎಷ್ಟೇ ಹೆಚ್ಚಿದರೂ ಪಥದ ಸಾಮರ್ಥ್ಯ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಜನ ಅದನ್ನು ಬಳಸುವಾಗ ತಾವು ಓಡಿಸುವಾಗಿನಷ್ಟೇ ಅಂತರವನ್ನು ಆರಿಸಿಕೊಳ್ಳುತ್ತಾರೆ. ಕಾರುಗಳು ಪರಸ್ಪರ ರೇಡಿಯೊದಲ್ಲಿ ಮಾತಾಡಿಕೊಂಡರೆ ಮಾತ್ರ ಚಿತ್ರ ಬದಲಾಗುತ್ತದೆ. ಆಗ ಚಾಲಕರು 0.6 ಸೆಕೆಂಡಿನ ಅಂತರಕ್ಕೂ ಒಪ್ಪಿದರು. ಎಲ್ಲ ಕಾರುಗಳೂ ಹಾಗಿದ್ದರೆ ಒಂದು ಪಥದಲ್ಲಿ ಗಂಟೆಗೆ ಸುಮಾರು 4,000 ಕಾರು ಹೋಗಬಹುದು ಎಂದು ಗಣಕ ಮಾದರಿ ತೋರಿಸಿತು. ಕೆಲವೇ ಕಾರುಗಳಿಗೆ ಮಾತಾಡಲು ಬಂದರೆ ಪ್ರಯೋಜನ ಅಲ್ಪ, ಮಾತಾಡಲು ಜೊತೆಗಾರನೇ ಇರುವುದಿಲ್ಲ.

ಇಲ್ಲಿಂದ ಮುಂದೆ ವಿಷಯ ಪ್ರಯೋಗಾಲಯದಿಂದ ಸರ್ಕಾರದ ಕಡತಕ್ಕೆ ಸಾಗುತ್ತದೆ. ವಾಹನಗಳ ಮಾತುಕತೆಗೆಂದು ಅಮೆರಿಕದ ಸಂಪರ್ಕ ಆಯೋಗ 1999ರಲ್ಲಿ 75 ಮೆಗಾಹರ್ಟ್ಸ್ ತರಂಗಾಂತರ ಮೀಸಲಿಟ್ಟಿತು. ಎರಡು ದಶಕ ಅದು ಬಹುಮಟ್ಟಿಗೆ ಬಳಕೆಯಾಗದೆ ಉಳಿಯಿತು. 2020ರಲ್ಲಿ ಅದರಲ್ಲಿ 45 ಮೆಗಾಹರ್ಟ್ಸ್ ಅನ್ನು ವೈಫೈಗೆ ಕೊಟ್ಟು 30 ಮಾತ್ರ ವಾಹನಗಳಿಗೆ ಉಳಿಸಲಾಯಿತು. ಅದೇ ವರ್ಷ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಅಡಿಯಲ್ಲಿ, ಹೆದ್ದಾರಿಯಲ್ಲಿ ತಾನೇ ಪಥ ಕಾಯ್ದುಕೊಂಡು ಓಡುವ ಕಾರುಗಳಿಗಾಗಿ 157ನೇ ನಿಯಮ ರೂಪುಗೊಂಡಿತು. ಅದರ ಕೋಷ್ಟಕದ ಪ್ರಕಾರ ಗಂಟೆಗೆ 60 ಕಿ.ಮೀ. ವೇಗದಲ್ಲಿ ಮುಂದಿನ ವಾಹನದಿಂದ ಕನಿಷ್ಠ 1.6 ಸೆಕೆಂಡಿನ, ಅಂದರೆ 26.7 ಮೀಟರಿನ ಅಂತರ ಇರಬೇಕು. ಕಾರಿನ ಉದ್ದ ದಾಟುವ ಹೊತ್ತನ್ನೂ ಸೇರಿಸಿದರೆ ಒಂದು ಕಾರಿಗೆ 1.9 ಸೆಕೆಂಡು, ಗಂಟೆಗೆ 1,900 ಕಾರು. ಮನುಷ್ಯ ಚಾಲಕರಿಂದ ಈಗಾಗಲೇ ಇದಕ್ಕಿಂತ ಹೆಚ್ಚು ಸಾಧ್ಯವಾಗಿದೆ. ಸುರಕ್ಷತೆಯ ದೃಷ್ಟಿಯಿಂದ ನಿಯಮ ಸರಿಯಾಗಿಯೇ ಇದೆ, ಪ್ರಾಣಕ್ಕಿಂತ ಸಾಮರ್ಥ್ಯ ದೊಡ್ಡದಲ್ಲ. ಆದರೆ ಯಂತ್ರಕ್ಕೆ 0.6 ಸೆಕೆಂಡು ಸಾಧ್ಯವಿದ್ದರೂ ರಸ್ತೆಗೆ ಸಿಗುವ ಸಾಮರ್ಥ್ಯವನ್ನು ನಿಯಮ ಬರೆಯುವವರು, ವಿಮೆ ಕಂಪನಿಯವರು, ನ್ಯಾಯಾಲಯದವರು ತೀರ್ಮಾನಿಸುತ್ತಾರೆ ಎಂಬುದನ್ನು ಆ ಕೋಷ್ಟಕ ತೋರಿಸುತ್ತದೆ.

ಹಳೆಯ ಕಾರುಗಳು ಇನ್ನೊಂದು ಅಡ್ಡಿ. ಅಮೆರಿಕದಲ್ಲಿ ಓಡುತ್ತಿರುವ ಕಾರುಗಳ ಸರಾಸರಿ ವಯಸ್ಸು 12 ವರ್ಷ ದಾಟಿದೆ. ಇಂದಿನಿಂದಲೇ ಹೊಸ ಬಗೆಯ ಕಾರು ಮಾತ್ರ ಮಾರಿದರೂ ಹಳೆಯವು ದಶಕಗಳ ಕಾಲ ಜೊತೆಗೇ ಇರುತ್ತವೆ. ಭಾರತದ ನಗರಗಳಲ್ಲಂತೂ ಲೆಕ್ಕವೇ ಬೇರೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳಲ್ಲಿ ಸುಮಾರು ಮೂರನೇ ಎರಡು ಭಾಗ ದ್ವಿಚಕ್ರ ವಾಹನ. ಕಾರೊಂದು ಮುಂದೆ ಬಿಟ್ಟ ಜಾಗಕ್ಕೆ ಕ್ಷಣದಲ್ಲಿ ಸ್ಕೂಟರು ನುಗ್ಗುತ್ತದೆ, ಅದರ ಪಕ್ಕಕ್ಕೆ ಆಟೊ ಬರುತ್ತದೆ. ನಿಯಮದಂತೆ ಅಂತರ ಕಾಯುವ ಯಂತ್ರ ಪ್ರತಿ ಬಾರಿಯೂ ಹಿಂದೆ ಸರಿಯಬೇಕು. ಪಥಗಳೇ ಇಲ್ಲದ ಸಂಚಾರದಲ್ಲಿ, ಪಥವನ್ನು ಆಧರಿಸಿದ ಈ ಇಡೀ ಗಣಿತಕ್ಕೆ ನೆಲೆಯಿಲ್ಲ.

ನಗರದೊಳಗೆ ರಸ್ತೆಯ ಸಾಮರ್ಥ್ಯವನ್ನು ಕಟ್ಟಿಹಾಕುವುದು ಜಂಕ್ಷನ್‌ಗಳು. ಹಸಿರು ದೀಪ ಗಂಟೆಯಲ್ಲಿ 24 ನಿಮಿಷ ಮಾತ್ರ ಸಿಕ್ಕರೆ ಪಥದ ಸಾಮರ್ಥ್ಯವೂ ಐದರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಸಿಗ್ನಲ್ ತೆಗೆದು, ಪ್ರತಿ ಕಾರಿಗೂ ಗಣಕವೇ ದಾಟುವ ಕ್ಷಣ ಗೊತ್ತುಮಾಡಿದರೆ ಜಂಕ್ಷನ್ ಸಾಮರ್ಥ್ಯ ಇಮ್ಮಡಿಯಾಗಬಹುದೆಂದು 2016ರಲ್ಲಿ ಎಂಐಟಿ ಮತ್ತು ಸ್ವಿಸ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದರು. ಆದರೆ ನಡೆದು ರಸ್ತೆ ದಾಟುವ ಅಜ್ಜಿಗೂ, ಶಾಲೆಗೆ ಹೋಗುವ ಮಗುವಿಗೂ ದಾಟುವ ಹೊತ್ತು ಕೊಡಲೇಬೇಕು. ಅದನ್ನು ಕೊಟ್ಟಾಗ ಆ ಲಾಭ ಬಹಳಷ್ಟು ಕರಗುತ್ತದೆ.

ಕಾಲುವೆಯ ಕೊನೆಯ ಹೊಲ

ಈಗ ಎರಡನೆಯ ಒಗಟು. ಎಲ್ಲ ಅಡ್ಡಿಗಳೂ ನಿವಾರಣೆಯಾಗಿ ರಸ್ತೆಯ ಸಾಮರ್ಥ್ಯ ನಿಜವಾಗಿಯೂ ಇಮ್ಮಡಿಯಾಯಿತು ಎಂದುಕೊಳ್ಳೋಣ. ದಟ್ಟಣೆ ಅರ್ಧವಾಗುತ್ತದೆಯೇ?

ತುಂಗಭದ್ರಾ ಎಡದಂಡೆ ಕಾಲುವೆಯ ರೈತರಿಗೆ ಇದರ ಉತ್ತರ ಹೊಸದೇನಲ್ಲ. ಆ ಯೋಜನೆ ರೂಪಿಸಿದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಿನ ಬೆಳೆಗಳಿಗಾಗಿ. ನೀರು ಬಂದ ಮೇಲೆ ಕಾಲುವೆಯ ತಲೆಭಾಗದಲ್ಲಿ ಭತ್ತ ಹರಡಿತು, ರಾಯಚೂರಿನ ಕಡೆಯ ಕೊನೆಭಾಗದ ಹೊಲಗಳು ನೀರಿಗಾಗಿ ಕಾಯುವುದು ತಪ್ಪಲಿಲ್ಲ. ಕಾಲುವೆಯಲ್ಲಿ ಹೆಚ್ಚು ನೀರು ಬಿಟ್ಟರೆ ಅದು ಕೊನೆಗೆ ಮುಟ್ಟುವ ಮೊದಲು ಮೇಲೆ ಇನ್ನಷ್ಟು ಗದ್ದೆ ಏಳುತ್ತದೆ. ನೀರು ಸುಲಭವಾಗಿ ಸಿಗುವುದೇ ಬೇಡಿಕೆಯನ್ನು ಹುಟ್ಟಿಸುತ್ತದೆ. ರಸ್ತೆಯಲ್ಲೂ ನಡೆಯುವುದು ಇದೇ. ಜಾಮ್ ಇದೆಯೆಂದು ಮನೆಯಲ್ಲೇ ಉಳಿದವರು, ಬೆಳಿಗ್ಗೆ ಆರಕ್ಕೇ ಹೊರಡುತ್ತಿದ್ದವರು, ಬಸ್ಸು ಹತ್ತಿದ್ದವರು, ಕಚೇರಿಯ ಹತ್ತಿರವೇ ಬಾಡಿಗೆಗೆ ಇದ್ದವರು, ರಸ್ತೆ ತೆರವಾದ ಕೂಡಲೇ ಒಬ್ಬೊಬ್ಬರಾಗಿ ತಮ್ಮ ಲೆಕ್ಕ ಬದಲಿಸುತ್ತಾರೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲೇ ಇದನ್ನು ಗುರುತಿಸಿದ್ದರು. 2011ರಲ್ಲಿ ಅರ್ಥಶಾಸ್ತ್ರಜ್ಞರಾದ ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಅಮೆರಿಕದ ನಗರಗಳ ಅಂಕಿಅಂಶ ಜೋಡಿಸಿ ನೋಡಿದಾಗ, ಹೆದ್ದಾರಿಯ ಉದ್ದ ಎಷ್ಟು ಪಾಲು ಹೆಚ್ಚುತ್ತದೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ ಎಂದು ಕಂಡಿತು. ಟೆಕ್ಸಾಸಿನ ಹ್ಯೂಸ್ಟನ್‌ನ ಕೇಟಿ ಹೆದ್ದಾರಿಯನ್ನು 280 ಕೋಟಿ ಡಾಲರ್ ವೆಚ್ಚದಲ್ಲಿ, ಪಕ್ಕದ ರಸ್ತೆಗಳೂ ಸೇರಿ ಕೆಲವೆಡೆ 26 ಪಥಗಳಷ್ಟು ಅಗಲ ಮಾಡಿ 2008ರಲ್ಲಿ ಮುಗಿಸಲಾಯಿತು. 2011ರಿಂದ 2014ರ ನಡುವೆ ಬೆಳಗಿನ ಪ್ರಯಾಣದ ಅವಧಿ ಅಲ್ಲಿ 30%, ಸಂಜೆಯದು 55% ಹೆಚ್ಚಿತು.

ಬೇಸರವೆಂಬ ಬೆಲೆ

ಅಗಲವಾದ ರಸ್ತೆಗೂ ತಾನೇ ಓಡುವ ಕಾರಿಗೂ ದೊಡ್ಡ ವ್ಯತ್ಯಾಸವೊಂದಿದೆ. ಅಗಲವಾದ ರಸ್ತೆ ಪ್ರಯಾಣದ ಹೊತ್ತನ್ನು ಮಾತ್ರ ತಗ್ಗಿಸುತ್ತದೆ. ತಾನೇ ಓಡುವ ಕಾರು ಆ ಹೊತ್ತಿನ ಭಾರವನ್ನೇ ತಗ್ಗಿಸುತ್ತದೆ. ಸ್ಟೀರಿಂಗ್ ಹಿಡಿದು ಒಂದು ಗಂಟೆ ಕಳೆಯುವುದು ಶಿಕ್ಷೆ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡುತ್ತಲೋ ಸಿನಿಮಾ ನೋಡುತ್ತಲೋ ಕಳೆಯುವುದು ಅಷ್ಟು ಕಷ್ಟವಲ್ಲ. ಪ್ರಯಾಣದ ಬೇಸರವೇ ಇಷ್ಟು ವರ್ಷ ರಸ್ತೆಗಳನ್ನು ಸ್ವಲ್ಪಮಟ್ಟಿಗೆ ಕಾಯುತ್ತಿತ್ತು. ಅದು ಹೊರಟುಹೋದರೆ ಏನಾಗುತ್ತದೆ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸಂಶೋಧಕರು ಇದನ್ನು ಪರೀಕ್ಷಿಸಲು ಒಂದು ಜಾಣ ಉಪಾಯ ಹೂಡಿದರು. ಚಾಲಕರಹಿತ ಕಾರು ಕೊಡಲಾಗದಿದ್ದರೂ ಚಾಲಕನನ್ನು ಕೊಡಬಹುದಲ್ಲ! 13 ಮಂದಿಗೆ ಒಂದು ವಾರ ಪುಕ್ಕಟೆಯಾಗಿ ಚಾಲಕರನ್ನು ಒದಗಿಸಲಾಯಿತು. ಮಕ್ಕಳನ್ನು ಕರೆತರಲು, ಸಾಮಾನು ತರಲು ತಾವು ಹೋಗದೆ ಚಾಲಕನೊಂದಿಗೆ ಕಾರನ್ನಷ್ಟೇ ಕಳಿಸಬಹುದಿತ್ತು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಕಾರುಗಳು ಓಡಿದ ದೂರ ಒಟ್ಟಾರೆ 83% ಹೆಚ್ಚಿತು. ಸಣ್ಣ ಗುಂಪು, ಒಂದೇ ವಾರ, ಹೊಸತನದ ಉಮೇದೂ ಇದ್ದೀತು. ಅದನ್ನೆಲ್ಲ ಕಳೆದರೂ ದಿಕ್ಕು ಯಾವ ಕಡೆಗೆಂಬುದರಲ್ಲಿ ಅನುಮಾನವಿಲ್ಲ.

ಯಾರೂ ಇಲ್ಲದೆ ಓಡುವ ಕಾರು ಇತಿಹಾಸದಲ್ಲೇ ಹೊಸದು. ನಗರದ ನಡುವೆ ಪಾರ್ಕಿಂಗ್ ಶುಲ್ಕ ದುಬಾರಿ. ಮಾಲೀಕ ಇಳಿದ ಮೇಲೆ ಕಾರು ನಿಲ್ಲದೆ ನಿಧಾನವಾಗಿ ಸುತ್ತುತ್ತಿದ್ದರೆ ಗಂಟೆಗೆ ಸುಮಾರು ಅರ್ಧ ಡಾಲರ್ ಖರ್ಚಾಗುತ್ತದೆ ಎಂದು ಸಂಶೋಧಕ ಆಡಮ್ ಮಿಲಾರ್ಡ್-ಬಾಲ್ 2019ರಲ್ಲಿ ಲೆಕ್ಕ ಹಾಕಿದರು. ಹೀಗೆ ಸುತ್ತುವ ಕಾರಿಗೆ ದಟ್ಟಣೆ ಬೇಕೇ ಬೇಕು, ನಿಧಾನವಾದಷ್ಟೂ ಖರ್ಚು ಕಡಿಮೆ. ಇಂಥ 2,000 ಕಾರುಗಳು ಸ್ಯಾನ್ ಫ್ರಾನ್ಸಿಸ್ಕೊ ಪೇಟೆಗೆ ಬಂದರೆ ಸಂಚಾರ ಗಂಟೆಗೆ ಎರಡು ಮೈಲಿಗಿಂತ ಕೆಳಗಿಳಿಯಬಹುದು. ಅದು ಮಗು ನಡೆಯುವ ವೇಗ. ಅದೇ ನಗರದಲ್ಲಿ ಆ್ಯಪ್ ಮೂಲಕ ಕರೆಸುವ ಟ್ಯಾಕ್ಸಿಗಳ ಪರಿಣಾಮವನ್ನು ಅಳೆದ ಇನ್ನೊಂದು ಅಧ್ಯಯನವೂ ಅದೇ ವರ್ಷ ಬಂತು. 2010ರಿಂದ 2016ರೊಳಗೆ ವಾರದ ದಿನಗಳಲ್ಲಿ ವಾಹನಗಳ ವಿಳಂಬ 62% ಹೆಚ್ಚಿತ್ತು, ಟ್ಯಾಕ್ಸಿಗಳು ಇಲ್ಲದಿದ್ದರೆ 22% ಮಾತ್ರ ಹೆಚ್ಚುತ್ತಿತ್ತು ಎಂದು ಅದು ಹೇಳಿತು.

ಹಂಚುವುದು ಹೇಗೆ?

ಹಾಗಾಗಿ ಸರ್ಕಾರಗಳ ಮುಂದಿರುವುದು ಬಹುಮಟ್ಟಿಗೆ ಇರುವ ರಸ್ತೆಯ ಹಂಚಿಕೆಯ ಪ್ರಶ್ನೆ. ಎರಡು ದಾರಿಗಳನ್ನು ಜಗತ್ತು ಈಗಾಗಲೇ ಪರೀಕ್ಷಿಸಿದೆ.

ಒಂದು, ರಸ್ತೆಗೆ ಬೆಲೆ ಕಟ್ಟುವುದು. ದಟ್ಟಣೆಯ ಹೊತ್ತಿನಲ್ಲಿ ರಸ್ತೆ ಬಳಸುವವರು ಹೆಚ್ಚು ತೆರಬೇಕು ಎಂದು ವಿಲಿಯಂ ವಿಕ್ರಿ 1950ರ ದಶಕದಿಂದ ವಾದಿಸುತ್ತಾ ಬಂದರು, ಅವರಿಗೆ 1996ರಲ್ಲಿ ಅರ್ಥಶಾಸ್ತ್ರದ ನೊಬೆಲ್ ದೊರೆಯಿತು. ಸಿಂಗಪುರ 1975ರಲ್ಲೇ ನಗರ ಕೇಂದ್ರ ಪ್ರವೇಶಿಸುವ ಕಾರಿಗೆ ದಿನಕ್ಕೆ 3 ಸಿಂಗಪುರ ಡಾಲರಿನ ಪರವಾನಗಿ ಜಾರಿಗೆ ತಂದಿತು. ಲಂಡನ್ 2003ರಲ್ಲಿ, ನ್ಯೂಯಾರ್ಕ್ 2025ರ ಜನವರಿಯಲ್ಲಿ ಅದೇ ಹಾದಿ ಹಿಡಿದವು. ಸ್ಟಾಕ್‌ಹೋಮ್ 2006ರಲ್ಲಿ ಪ್ರಾಯೋಗಿಕವಾಗಿ ಶುಲ್ಕ ಹಾಕಿದಾಗ ಆ ಗಡಿ ದಾಟುವ ವಾಹನಗಳು ಸುಮಾರು 20% ಕಡಿಮೆಯಾದವು. ಮೊದಲು ವಿರೋಧಿಸಿದ್ದ ಜನ ಫಲ ಕಂಡ ಮೇಲೆ ಒಪ್ಪಿಕೊಂಡರು, ಮರುವರ್ಷ ಅದು ಕಾಯಂ ಆಯಿತು. ತಾನೇ ಓಡುವ ಕಾರಿಗೆ ಈ ಶುಲ್ಕವನ್ನು ಗಡಿ ದಾಟಿದ್ದಕ್ಕಲ್ಲ, ಓಡಿದ ದೂರಕ್ಕೆ ಹಾಕಬೇಕು. ಗಡಿಯೊಳಗೇ ಇಡೀ ದಿನ ಸುತ್ತುವ ಖಾಲಿ ಕಾರು ಗಡಿ ಶುಲ್ಕವನ್ನು ಒಂದೇ ಸಲ ಕಟ್ಟಿ ಪಾರಾಗುತ್ತದೆ. ಖಾಲಿ ಓಡುವ ಕಿಲೋಮೀಟರಿಗೆ ಹೆಚ್ಚು, ನಾಲ್ವರು ಕೂತಿದ್ದರೆ ಕಡಿಮೆ ಎಂಬ ದರ ಇಟ್ಟರೆ ಲೆಕ್ಕ ಸರಿಹೋಗುತ್ತದೆ.

ಇನ್ನೊಂದು, ಪಥವನ್ನು ವಾಹನದ ಲೆಕ್ಕದಲ್ಲಿ ಅಲ್ಲದೆ ಜನರ ಲೆಕ್ಕದಲ್ಲಿ ಹಂಚುವುದು. ಉತ್ತರ ಅಮೆರಿಕದ ನಗರ ಸಾರಿಗೆ ಅಧಿಕಾರಿಗಳ ಒಕ್ಕೂಟದ ಅಂದಾಜಿನಂತೆ, ನಗರದ ಒಂದು ಪಥದಲ್ಲಿ ಕಾರುಗಳು ಗಂಟೆಗೆ 600ರಿಂದ 1,600 ಜನರನ್ನು ಸಾಗಿಸಿದರೆ, ಅದೇ ಪಥವನ್ನು ಬಸ್ಸುಗಳಿಗೆ ಮೀಸಲಿಟ್ಟಾಗ 4,000ದಿಂದ 8,000 ಜನ ಸಾಗುತ್ತಾರೆ. ಕಾಲದಂತರವನ್ನು ಅರ್ಧಕ್ಕಿಳಿಸುವ ಅತ್ಯಾಧುನಿಕ ತಂತ್ರಜ್ಞಾನವೂ ಈ ಅಂತರವನ್ನು ಮುಚ್ಚಲಾರದು. ಅಂತರರಾಷ್ಟ್ರೀಯ ಸಾರಿಗೆ ವೇದಿಕೆ 2015ರಲ್ಲಿ ಲಿಸ್ಬನ್ ನಗರದ ಮಾದರಿ ಕಟ್ಟಿ ನೋಡಿದಾಗ ಇದು ಇನ್ನಷ್ಟು ಸ್ಪಷ್ಟವಾಯಿತು. ಎಲ್ಲರೂ ಹಂಚಿಕೊಂಡು ಪ್ರಯಾಣಿಸುವ ತಾನೇ ಓಡುವ ಕಾರುಗಳಿದ್ದು ಮೆಟ್ರೊ ಕೂಡ ಇದ್ದರೆ ನಗರದ ಹತ್ತು ಕಾರಿನಲ್ಲಿ ಒಂಬತ್ತು ಬೇಡವಾಗುತ್ತವೆ. ಹಾಗಿದ್ದೂ ಕಾರುಗಳ ಒಟ್ಟು ಓಡಾಟ 6% ಹೆಚ್ಚುತ್ತದೆ. ಮೆಟ್ರೊ ಇಲ್ಲದೆ, ಹಂಚಿಕೆಯೂ ಇಲ್ಲದೆ ಪ್ರತಿಯೊಬ್ಬರೂ ಒಂಟಿಯಾಗಿ ಹೋದರೆ ಓಡಾಟ ಸರಿಸುಮಾರು ಇಮ್ಮಡಿಯಾಗುವ ಹಂತಕ್ಕೆ ಬರುತ್ತದೆ. ಕಾರು ಅದೇ, ತಂತ್ರಜ್ಞಾನ ಅದೇ, ಹಂಚುವ ಕ್ರಮ ಮಾತ್ರ ಬೇರೆ.

ಈ ಕ್ರಮಗಳನ್ನು ಯಾವಾಗ ಜಾರಿಗೆ ತರಬೇಕೆಂಬ ಪ್ರಶ್ನೆಯೂ ಇದೆ. ತಾನೇ ಓಡುವ ಕಾರುಗಳು ಇಂದು ಬಹುತೇಕ ಕೆಲವೇ ಕಂಪನಿಗಳ ಟ್ಯಾಕ್ಸಿಗಳಾಗಿ, ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ, ವುಹಾನ್‌ನಂಥ ನಗರಗಳಲ್ಲಿ ಓಡುತ್ತಿವೆ. ಅವು ಎಲ್ಲಿ, ಎಷ್ಟು ದೂರ, ಎಷ್ಟು ಜನರನ್ನು ಹೊತ್ತು ಓಡಿದವು ಎಂಬುದು ಮೀಟರ್ ಲೆಕ್ಕದಲ್ಲಿ ದಾಖಲಾಗುತ್ತಿದೆ. ಲಕ್ಷಾಂತರ ಮನೆಗಳ ಅಂಗಳಕ್ಕೆ ಈ ಕಾರು ಬಂದ ಮೇಲೆ ಖಾಲಿ ಓಟಕ್ಕೆ ಶುಲ್ಕ ಹಾಕುವುದಕ್ಕಿಂತ, ಬೆರಳೆಣಿಕೆಯ ಕಂಪನಿಗಳ ಪರವಾನಗಿಯ ಷರತ್ತಿನಲ್ಲಿ ಈಗಲೇ ಅದನ್ನು ಸೇರಿಸುವುದು ಸುಲಭ. ಅಳೆಯುವ ಸಾಧನವೂ ಕೈಗೆಟುಕುವಂತಿದೆ. ಸಿಂಗಪುರ 2023ರ ಕೊನೆಯಿಂದ ತನ್ನ ವಾಹನಗಳಿಗೆ ಉಪಗ್ರಹದ ನೆರವಿನಿಂದ ಜಾಗ ಗುರುತಿಸುವ ಹೊಸ ಪೆಟ್ಟಿಗೆಗಳನ್ನು ಅಳವಡಿಸತೊಡಗಿತು. ದೂರಕ್ಕೆ ತಕ್ಕ ಶುಲ್ಕ ವಿಧಿಸುವ ಶಕ್ತಿ ಆ ಪೆಟ್ಟಿಗೆಗಿದೆ.